ಹೆಡ್‌ಲೈಟು ತಾಳ ಹಾಕಿದರೆ: ಕಾರಿನ ದೊಡ್ಡ ಸೌಂಡಿಗೆ ಕರೆಂಟು ಎಲ್ಲಿಂದ ಬರಬೇಕು?

ರಾತ್ರಿ ಹತ್ತು ಗಂಟೆ. ತುಮಕೂರು ರಸ್ತೆಯಲ್ಲಿ ಬೆಂಗಳೂರಿನ ಕಡೆ ಬರುತ್ತಿದ್ದೆ. ಡಿಕ್ಕಿಯಲ್ಲಿ ಹೊಸದಾಗಿ ಕೂರಿಸಿದ ಸಬ್‌ವೂಫರ್, ಹಿಂದಿನ ಸೀಟು ನಡುಗುವಷ್ಟು ಬೇಸ್. ಮುಂದೆ ಒಂದು ಲಾರಿ. ಅದರ ಹಿಂಬದಿಯ ಹಲಗೆಯ ಮೇಲೆ ನನ್ನ ಹೆಡ್‌ಲೈಟ್ ಬೆಳಕು ಬಿದ್ದಿತ್ತು. ಡಿಕ್ಕಿಯಲ್ಲಿ 'ಧಂ' ಎಂದಾಗಲೆಲ್ಲ ಆ ಬೆಳಕು ಮಂಕಾಗಿ ಮತ್ತೆ ಹೊಳೆಯುತ್ತಿತ್ತು. ನಾನು ಡಿಪ್ಪರ್ ಹೊಡೆದು ದಾರಿ ಕೇಳುತ್ತಿದ್ದೇನೆ ಅಂದುಕೊಂಡನೋ ಏನೋ, ಲಾರಿಯವನು ಪಾಪ ಎಡಕ್ಕೆ ಸರಿದು ಕೈ ಬೀಸಿದ.

ಮರುದಿನ ಸಿಸ್ಟಂ ಹಾಕಿದ ಅಂಗಡಿಗೆ ಹೋದೆ. 'ಒಂದು ಕೆಪಾಸಿಟರ್ ಹಾಕಿಸಿ ಸಾರ್, ಸರಿಹೋಗುತ್ತೆ' ಅಂದರು. ಹಾಕಿಸಿದೆ. ಕರೆಂಟನ್ನು ಒಂದಿಷ್ಟು ಕೂಡಿಟ್ಟು ಥಟ್ಟನೆ ಕೊಡುವ ಉದ್ದನೆಯ ಹೊಳೆಯುವ ಡಬ್ಬಿ, ಮೇಲೆ ನೀಲಿ ಅಂಕಿಗಳಲ್ಲಿ ವೋಲ್ಟೇಜ್ ತೋರಿಸುವ ಮೀಟರ್. ನೋಡಲು ಚೆಂದ. ಹೆಡ್‌ಲೈಟು ಮಾತ್ರ ಮೊದಲಿನ ಹಾಗೇ ತಾಳ ಹಾಕುತ್ತಿತ್ತು.

ಆಮೇಲೆ ಒಂದು ಮಲ್ಟಿಮೀಟರ್ ಕೊಂಡು ನಾನೇ ಕೂತು ಅಳೆದೆ. ಆಗ ಗೊತ್ತಾಗಿದ್ದೇ ಈ ಬರಹ. ಕಾರಿನಲ್ಲಿ ದೊಡ್ಡ ಸೌಂಡ್ ಬೇಕೆನ್ನುವವರು ಸ್ಪೀಕರ್ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ, ಆಂಪ್ಲಿಫೈಯರ್ ಬಗ್ಗೆ ಒಂದು ವಾರ. ಕರೆಂಟಿನ ಬಗ್ಗೆ ಯೋಚಿಸುವುದು ಹೆಡ್‌ಲೈಟು ಮಿನುಗಿದ ಮೇಲೆ.

ಡಬ್ಬಿಯ ಮೇಲಿನ ವ್ಯಾಟು, ಒಳಗಿನ ವ್ಯಾಟು

ನನ್ನ ಆಂಪ್ಲಿಫೈಯರ್ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ '2000 ವ್ಯಾಟ್ ಮ್ಯಾಕ್ಸ್' ಅಂತಿತ್ತು. ಮ್ಯಾಕ್ಸ್ ಅನ್ನುವುದಕ್ಕೆ ಅಳತೆಗೋಲೇ ಇಲ್ಲ, ಯಾರು ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ನೋಡಬೇಕಾದ್ದು ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲ ವ್ಯಾಟು. ಕೈಪಿಡಿಯ ಒಳಪುಟದಲ್ಲಿ ಅದು 600 ಅಂತಿತ್ತು. ಅಮೆರಿಕದಲ್ಲಿ 2003ರಲ್ಲಿ ಸಿಇಎ-2006 ಎನ್ನುವ ಮಾನದಂಡ ಬಂತು. ಈಗ ಅದರ ಹೆಸರು ಸಿಟಿಎ-2006. 14.4 ವೋಲ್ಟಿನಲ್ಲಿ, 4 ಓಮ್ ಲೋಡಿಗೆ (ಓಮ್ ಅಂದರೆ ಸ್ಪೀಕರ್ ಒಡ್ಡುವ ತಡೆಯ ಅಳತೆ), ದನಿಯಲ್ಲಿ ಶೇಕಡ 1ಕ್ಕಿಂತ ಹೆಚ್ಚು ಒಡಕು ಬಾರದ ಹಾಗೆ ಎಷ್ಟು ವ್ಯಾಟ್ ಕೊಡುತ್ತದೆ ಅಂತ ಅಳೆಯುವ ಕ್ರಮ ಅದು. ಆ ಗುರುತು ಡಬ್ಬಿಯ ಮೇಲಿದ್ದರೆ ಅಂಕಿಯನ್ನು ನಂಬಬಹುದು.

ಗುರುತು ಇಲ್ಲದಿದ್ದರೆ ಒಂದು ಹಳ್ಳಿ ಲೆಕ್ಕ ಇದೆ. ಆಂಪ್ಲಿಫೈಯರ್ ಪಕ್ಕದಲ್ಲಿರುವ ಫ್ಯೂಸುಗಳನ್ನು ನೋಡಿ. ನನ್ನದರಲ್ಲಿ 30 ಆಂಪಿಯರಿನ ಎರಡು, ಒಟ್ಟು 60. ಅದನ್ನು 13.8 ವೋಲ್ಟಿನಿಂದ ಗುಣಿಸಿದರೆ 828 ವ್ಯಾಟ್. ಅದು ಬ್ಯಾಟರಿಯ ಕಡೆಯಿಂದ ಒಳಗೆ ಹೋಗುವುದು. ಅದಷ್ಟೂ ಸ್ಪೀಕರ್‌ಗೆ ಬರುವುದಿಲ್ಲ. ಕ್ಲಾಸ್ ಡಿ ಆಂಪ್ಲಿಫೈಯರ್ ಸುಮಾರು ಶೇಕಡ 80ರಷ್ಟನ್ನು ದಾಟಿಸುತ್ತದೆ, ಹಳೆಯ ಕ್ಲಾಸ್ ಎಬಿ ಐವತ್ತು ಅರುವತ್ತರಷ್ಟನ್ನು. ಉಳಿದದ್ದು ಬಿಸಿ. ನನ್ನದು ಕ್ಲಾಸ್ ಡಿ, ಹಾಗಾಗಿ ಸುಮಾರು 660 ವ್ಯಾಟ್. 2000 ವ್ಯಾಟ್ ಅಂತ ಬರೆದು 25 ಆಂಪಿಯರಿನ ಒಂದೇ ಒಂದು ಫ್ಯೂಸ್ ಇಟ್ಟ ಡಬ್ಬಿಯನ್ನೂ ನೋಡಿದ್ದೇನೆ. ಅದು ಎಷ್ಟು ಕೊಡಬಲ್ಲದು ಅಂತ ನೀವೇ ಲೆಕ್ಕ ಹಾಕಿ.

ಡ್ಯಾಶ್‌ಬೋರ್ಡಿನ ಸ್ಟೀರಿಯೋ ಮೇಲೆ '50 ವ್ಯಾಟ್ × 4' ಅಂತಿರುತ್ತದಲ್ಲ, ಅದೂ ಇದೇ ಜಾತಿ. ಅದರೊಳಗೆ ವೋಲ್ಟೇಜ್ ಏರಿಸುವ ವ್ಯವಸ್ಥೆ ಇರುವುದಿಲ್ಲ. 14.4 ವೋಲ್ಟಿನಿಂದ 4 ಓಮ್ ಸ್ಪೀಕರಿಗೆ ಶುದ್ಧವಾಗಿ ಕೊಡಬಹುದಾದ್ದು, ಏನೂ ನಷ್ಟವಿಲ್ಲ ಅಂದುಕೊಂಡರೂ, 26 ವ್ಯಾಟ್. ಇದು ಲೆಕ್ಕದ ಮಿತಿ. ಬ್ರ್ಯಾಂಡ್ ಬದಲಾಯಿಸಿದರೆ ಬದಲಾಗುವುದಿಲ್ಲ.

ಬೇರೆ ಆಂಪ್ಲಿಫೈಯರ್ ಬೇಕಾಗುವುದೇ ಇದಕ್ಕೆ. ಅದರ ಹೊಟ್ಟೆಯಲ್ಲಿ ಮೊದಲು ಒಂದು ವೋಲ್ಟೇಜ್ ಏರಿಸುವ ಸರ್ಕೀಟು ಇರುತ್ತದೆ. ಮಾಸ್‌ಫೆಟ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕತ್ತರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರ್ ಮೂಲಕ ಮೇಲೇರಿಸುತ್ತವೆ. ಹೊಸ ಸಂಗತಿ ಅಲ್ಲ. 1930ರ ದಶಕದ ವಾಲ್ವ್ ಕಾರ್ ರೇಡಿಯೋಗಳಲ್ಲಿ ಇದೇ ಕೆಲಸಕ್ಕೆ ವೈಬ್ರೇಟರ್ ಅನ್ನುವ ಭಾಗ ಇತ್ತು. ಒಂದು ಲೋಹದ ನಾಲಿಗೆ ಜೀರುಂಡೆಯ ಹಾಗೆ ಗುಂಯ್‌ಗುಡುತ್ತಾ ಕರೆಂಟನ್ನು ಕತ್ತರಿಸುತ್ತಿತ್ತು.

ಇಲ್ಲಿ ಭಾಷೆಯದೊಂದು ಸಣ್ಣ ತಾಪತ್ರಯ. ಅಂಗಡಿಯಲ್ಲಿ ಆಂಪ್ಲಿಫೈಯರಿಗೂ 'ಆಂಪ್' ಅನ್ನುತ್ತಾರೆ, ಆಂಪಿಯರಿಗೂ 'ಆಂಪ್' ಅನ್ನುತ್ತಾರೆ. 'ಈ ಆಂಪಿಗೆ ಎಷ್ಟು ಆಂಪ್ ಬೇಕು' ಅಂತ ಕೇಳಿ ನಾನು ನಗೆಪಾಟಲಾಗಿದ್ದೇನೆ. ಆದರೆ ಕೇಳಬೇಕಾದ ಪ್ರಶ್ನೆ ಅದೇ. 600 ವ್ಯಾಟಿಗೆ ಸುಮಾರು 55ರಿಂದ 60 ಆಂಪಿಯರ್. 1000 ವ್ಯಾಟಿಗೆ 90. 2000 ವ್ಯಾಟ್ ನಿಜವಾಗಿಯೂ ಬೇಕೆಂದರೆ 180.

ಬೋರ್‌ವೆಲ್ಲು, ಟ್ಯಾಂಕು, ಪೈಪು

ಮನೆಯ ನೀರಿನ ವ್ಯವಸ್ಥೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೋರ್‌ವೆಲ್ ಇದೆ, ಮೇಲೆ ಸಿಂಟೆಕ್ಸ್ ಟ್ಯಾಂಕ್ ಇದೆ, ನಡುವೆ ಪೈಪು, ಬಚ್ಚಲಲ್ಲಿ ಒಂದು ಚೊಂಬು. ಕಾರಿನಲ್ಲಿ ಬೋರ್‌ವೆಲ್ ಅಂದರೆ ಆಲ್ಟರ್ನೇಟರ್. ನಮ್ಮ ಗ್ಯಾರೇಜುಗಳಲ್ಲಿ ಈಗಲೂ ಅದಕ್ಕೆ ಡೈನಮೋ ಅಂತಲೇ ಹೆಸರು. ಟ್ಯಾಂಕ್ ಅಂದರೆ ಬ್ಯಾಟರಿ. ಪೈಪು ಅಂದರೆ ವೈರು. ಚೊಂಬು ಅಂದರೆ ಆ ಕೆಪಾಸಿಟರ್.

ಹೊಸ ನೀರು ಬರುವುದು ಬೋರ್‌ವೆಲ್‌ನಿಂದ ಮಾತ್ರ. ಟ್ಯಾಂಕ್ ಎರಡು ಮಾಡಿದರೆ, ಚೊಂಬು ಹತ್ತು ಇಟ್ಟರೆ ನೀರು ಜಾಸ್ತಿ ಆಗುವುದಿಲ್ಲ.

ಪೂರ್ತಿ ಚಾರ್ಜಾದ ಬ್ಯಾಟರಿ ಸುಮ್ನೆ ಕೂತಾಗ 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ 13.8ರಿಂದ 14.4ರ ತನಕ ಕೊಡುತ್ತದೆ. ಹಾಗಾಗಿ ಕಾರು ಓಡುತ್ತಿರುವಾಗ ಬ್ಯಾಟರಿ ಕರೆಂಟು ಕೊಡುವುದಿಲ್ಲ, ತೆಗೆದುಕೊಳ್ಳುತ್ತದೆ. ವೋಲ್ಟೇಜ್ 12.6ರ ಹತ್ತಿರ ಕುಸಿದರೆ ಮಾತ್ರ ಬ್ಯಾಟರಿ ಕೈಜೋಡಿಸುತ್ತದೆ. ಹಾಗೆ ಕೊಟ್ಟ ಸಾಲವನ್ನೂ ಆಮೇಲೆ ಆಲ್ಟರ್ನೇಟರೇ ತೀರಿಸಬೇಕು.

ಈಗ ಜಮಾಖರ್ಚು ನೋಡೋಣ. ಸಣ್ಣ ಕಾರುಗಳ ಆಲ್ಟರ್ನೇಟರ್ ಸಾಮಾನ್ಯವಾಗಿ 60ರಿಂದ 90 ಆಂಪಿಯರಿನದು. ನನ್ನ ಹ್ಯಾಚ್‌ಬ್ಯಾಕಿನದು 70. ಮಳೆಗಾಲದ ರಾತ್ರಿ ಅಂದುಕೊಳ್ಳಿ. ಹ್ಯಾಲೊಜನ್ ಹೆಡ್‌ಲೈಟು ಎರಡು ಸೇರಿ 8–9 ಆಂಪಿಯರ್. ಎಸಿ ಬ್ಲೋವರ್, ರೇಡಿಯೇಟರ್ ಫ್ಯಾನ್, ವೈಪರ್, ಪೆಟ್ರೋಲ್ ಪಂಪ್, ಇಗ್ನಿಷನ್, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಎಲ್ಲ ಸೇರಿದರೆ 40ರ ಮೇಲೆ ಹೋಗುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ಚೆನ್ನಾಗಿ ತಿರುಗುವಾಗ ಸೌಂಡ್ ಸಿಸ್ಟಂಗೆ 25–30 ಆಂಪಿಯರ್ ಉಳಿದೀತು.

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ? ಆಲ್ಟರ್ನೇಟರ್ ಮೇಲೆ ಬರೆದಿರುವ ಆಂಪಿಯರ್ ಅದು ವೇಗವಾಗಿ ತಿರುಗಿದಾಗಿನದು. ಐಡ್ಲಿಂಗ್‌ನಲ್ಲಿ ಅದರ ಅರ್ಧದಷ್ಟು ಬಂದರೆ ದೊಡ್ಡದು. 35 ಬರುತ್ತದೆ, ಕಾರಿಗೇ 40 ಬೇಕು. ಸೌಂಡಿಗೆ ಉಳಿಯುವುದು ಮೈನಸ್ ಐದು. ಅಲ್ಲಿ ನೀವು ಕೇಳುವ ಬೇಸ್ ಎಲ್ಲ ಬ್ಯಾಟರಿಯ ಕಡ.

ಹಾಗಾದರೆ 600 ವ್ಯಾಟ್ ಹಾಕಿದವರ ಕಾರೆಲ್ಲ ನಿಂತುಹೋಗಬೇಕಿತ್ತಲ್ವಾ? ಹೋಗುವುದಿಲ್ಲ. ಯಾಕೆಂದರೆ ಸಂಗೀತ ಒಂದೇ ಸಮ ಹರಿಯುವುದಿಲ್ಲ. ಡೋಲಿನ ಏಟು ಬೀಳುವಾಗ 60 ಆಂಪಿಯರ್, ನಡುವಿನ ಖಾಲಿ ಜಾಗದಲ್ಲಿ ಮೂರೋ ನಾಲ್ಕೋ. ಸರಾಸರಿ ತೆಗೆದರೆ ಮೂರನೇ ಒಂದರಷ್ಟು, ಎಷ್ಟೋ ಹಾಡುಗಳಲ್ಲಿ ಅದಕ್ಕಿಂತ ಕಮ್ಮಿ. ಉದ್ದಕ್ಕೂ ಗುಂಯ್ ಎನ್ನುವ ಎಲೆಕ್ಟ್ರಾನಿಕ್ ಬೇಸ್ ಹಾಡು ಹಾಕಿದರೆ ಲೆಕ್ಕ ಬೇರೆ. ತಮಟೆಗಿಂತ ಅದು ದುಬಾರಿ.

ಹಾಗಾಗಿ ನನ್ನ ಅಂದಾಜು ಹೀಗೆ. 500–600 ಆರ್‌ಎಂಎಸ್ ವ್ಯಾಟ್ ತನಕ ಕಂಪನಿ ಕೊಟ್ಟ ಆಲ್ಟರ್ನೇಟರ್ ಸಾಕು, ವೈರಿಂಗ್ ಸರಿ ಇದ್ದರೆ. 1000ದ ಹತ್ತಿರ ಹೋದರೆ ವೈರಿಂಗ್ ಜೊತೆ ಒಳ್ಳೆಯ ಬ್ಯಾಟರಿಯೂ ಬೇಕು. 1500 ದಾಟಿದರೆ ಆಲ್ಟರ್ನೇಟರನ್ನೇ ಬದಲಾಯಿಸಬೇಕು, ಬೇರೆ ಉಪಾಯವಿಲ್ಲ. 'ಸರಿ ಇದ್ದರೆ' ಅಂದೆನಲ್ಲ, ನನ್ನದು ಸರಿ ಇರಲಿಲ್ಲ.

ಮೀಟರ್ ಹಿಡಿದು ಕೂತ ಭಾನುವಾರ

ಅಳತೆಗೆ ಬೇಕಾದ್ದು ಸಾಧಾರಣ ಮಲ್ಟಿಮೀಟರ್, ಡಿಸಿ ಕರೆಂಟ್ ತೋರಿಸುವ ಕ್ಲಾಂಪ್ ಮೀಟರ್ (ಎಲೆಕ್ಟ್ರಿಷಿಯನ್ ಗೆಳೆಯನಿಂದ ಕಡ ತಂದೆ), ಫೋನಿನಲ್ಲಿ 50 ಹರ್ಟ್ಸ್‌ನ ಟೆಸ್ಟ್ ಟೋನ್, ಮತ್ತು ಆಕ್ಸಿಲರೇಟರ್ ಒತ್ತಿ ಹಿಡಿಯಲು ಒಬ್ಬ ತಮ್ಮ. ಎಸಿ, ಲೈಟು ಎಲ್ಲ ಆಫ್. ಎಂಜಿನ್ 2000 ಆರ್‌ಪಿಎಂ. ಪಕ್ಕದ ಮನೆಯವರ ಕ್ಷಮೆ ಮೊದಲೇ ಕೇಳಿದ್ದೆ.

ಟೋನ್ ಹಾಕುವ ಮುಂಚೆ ಬ್ಯಾಟರಿ ಟರ್ಮಿನಲ್ ಮೇಲೆ 14.1 ವೋಲ್ಟ್. ಟೋನ್ ಹಾಕಿ ಕರೆಂಟು 60 ಆಂಪಿಯರಿಗೆ ಬಂದಾಗ 13.0. ಡಿಕ್ಕಿಗೆ ಹೋಗಿ ಆಂಪ್ಲಿಫೈಯರ್ ಟರ್ಮಿನಲ್ ಮೇಲೆ ಇಟ್ಟರೆ 11.2.

ಅಂದರೆ ಒಂದಲ್ಲ, ಎರಡು ಕಾಯಿಲೆ. ಮುಂದೆ ಬಾನೆಟ್ ಕೆಳಗೆ 1.1 ವೋಲ್ಟ್ ಎಲ್ಲೋ ಸೋರುತ್ತಿದೆ. ಬಾನೆಟ್ಟಿನಿಂದ ಡಿಕ್ಕಿಗೆ ಹೋಗುವಷ್ಟರಲ್ಲಿ ಇನ್ನೂ 1.8 ವೋಲ್ಟ್ ಸೋರುತ್ತಿದೆ. ಹೆಡ್‌ಲೈಟು ಮಿನುಗುವುದು ಮೊದಲನೆಯದರಿಂದ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಶೇಕಡ 10 ಇಳಿದರೆ ಬೆಳಕು ಹತ್ತಿರಹತ್ತಿರ ಶೇಕಡ 30 ಇಳಿಯುತ್ತದೆ. ಲಾರಿಯವನಿಗೆ ಕಂಡದ್ದು ಅದು. ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೇಸ್ ಸಪ್ಪೆಯಾಗುತ್ತದೆ, ಆಂಪ್ಲಿಫೈಯರ್ ಬಿಸಿಯಾಗುತ್ತದೆ, ಅಷ್ಟೇ.

ಲೋ ವೋಲ್ಟೇಜ್ ಏನು ಮಾಡುತ್ತದೆ ಅಂತ ಹಳ್ಳಿಯಲ್ಲಿ ಪಂಪ್‌ಸೆಟ್ ಇಟ್ಟವರಿಗೆ ಹೇಳಿಕೊಡಬೇಕಿಲ್ಲ. ವೋಲ್ಟೇಜ್ ಕಮ್ಮಿಯಾದರೆ ಮೋಟರ್ ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಎಳೆದು ಕಾಯಿಲ್ ಸುಟ್ಟುಕೊಳ್ಳುತ್ತದೆ. ರೆಗ್ಯುಲೇಟೆಡ್ ಆಂಪ್ಲಿಫೈಯರುಗಳೂ ಹೀಗೇ, ಹೇಳಿದಷ್ಟು ವ್ಯಾಟ್ ಕೊಟ್ಟೇ ತೀರುತ್ತೇನೆ ಅಂತ ಜಾಸ್ತಿ ಆಂಪಿಯರ್ ಎಳೆಯುತ್ತವೆ. ವೈರಿನ ಸೋರಿಕೆ ಇನ್ನೂ ಹೆಚ್ಚುತ್ತದೆ. ಅಗ್ಗದ ಆಂಪ್ಲಿಫೈಯರುಗಳು ಹೆಚ್ಚಿನವು ರೆಗ್ಯುಲೇಟೆಡ್ ಅಲ್ಲ. ಅವುಗಳ ವ್ಯಾಟು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 14.4ರ ಬದಲು 11.2 ಸಿಕ್ಕರೆ ನೂರಕ್ಕೆ ನಲವತ್ತು ಭಾಗ ಹೋಯಿತು. ನಾವು ಸಾಲದು ಅಂತ ವಾಲ್ಯೂಮ್ ಏರಿಸುತ್ತೇವೆ, ಅಲೆಯ ತಲೆ ಚಪ್ಪಟೆಯಾಗುತ್ತದೆ. ಕ್ಲಿಪ್ಪಿಂಗ್ ಅನ್ನುವುದು ಇದಕ್ಕೇ. ಸಬ್‌ವೂಫರಿನ ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿಯ ಸುರುಳಿ) ಬಿಸಿಯಾಗಿ ಸುಟ್ಟ ವಾಸನೆ ಬರುವುದು ಎಷ್ಟೋ ಸಲ ಇಲ್ಲಿಂದ ಶುರು.

ಸೋರಿಕೆಯ ಜಾಗ ಹುಡುಕಲು ಒಂದು ಸುಲಭ ಉಪಾಯ ಇದೆ. ಟೋನ್ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ ಮೇಲೆ, ಇನ್ನೊಂದು ಆಂಪ್ಲಿಫೈಯರ್ ಪ್ಲಸ್ ಮೇಲೆ. (ಕಡ್ಡಿ ಡಿಕ್ಕಿಯ ತನಕ ಎಟುಕುವುದಿಲ್ಲ, ಒಂದು ಉದ್ದನೆಯ ತೆಳು ವೈರು ಜೋಡಿಸಿಕೊಳ್ಳಿ. ಅದರಲ್ಲಿ ಕರೆಂಟು ಹರಿಯುವುದಿಲ್ಲ, ಎಷ್ಟು ತೆಳುವಾದರೂ ನಡೆಯುತ್ತದೆ.) ಮೀಟರ್ ತೋರಿಸುವುದು ಆ ವೈರು ನುಂಗಿದ ವೋಲ್ಟೇಜ್. ನನ್ನಲ್ಲಿ 1.1. ಆಮೇಲೆ ಬ್ಯಾಟರಿ ಮೈನಸ್ಸಿನಿಂದ ಆಂಪ್ಲಿಫೈಯರ್ ಮೈನಸ್ಸಿಗೆ. 0.7. ಎರಡೂ ಕೂಡಿದರೆ 1.8. ಲೆಕ್ಕ ಸರಿಹೋಯಿತು.

ಪ್ಲಸ್ ವೈರನ್ನು ಕಾರ್ಪೆಟ್ ಕೆಳಗಿಂದ ಎಳೆದು ನೋಡಿದೆ. ಹೊರಗೆ ಹೆಬ್ಬೆರಳು ದಪ್ಪದ ಕೆಂಪು ರಬ್ಬರು, 'ಎಂಟು ಗೇಜ್' ಅಂತ ಬರಹ. ತುದಿ ಕತ್ತರಿಸಿದರೆ ಒಳಗೆ ಲೋಹ ಪೆನ್ಸಿಲ್ ಕಡ್ಡಿಗಿಂತ ಸ್ವಲ್ಪ ದಪ್ಪ. ಬ್ಲೇಡಿನಿಂದ ಎಳೆಗಳನ್ನು ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಿ ಬಣ್ಣ. ಅಲ್ಯೂಮಿನಿಯಂ. ಮೇಲೆ ತಾಮ್ರದ ಲೇಪ ಅಷ್ಟೇ. ಮಾರುಕಟ್ಟೆಯಲ್ಲಿ ಇದಕ್ಕೆ ಸಿಸಿಎ ಅಂತ ಹೆಸರು, 'ಆಂಪ್ ಕಿಟ್' ಅಂತ ಮಾರುವ ಪೊಟ್ಟಣಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ. ಅದೇ ದಪ್ಪದ ತಾಮ್ರ ಹರಿಸುವುದರ ಸುಮಾರು ಶೇಕಡ 60–65ರಷ್ಟನ್ನು ಮಾತ್ರ ಇದು ಹರಿಸುತ್ತದೆ. ಕೈಯಲ್ಲಿ ಹಿಡಿದರೂ ತಿಳಿಯುತ್ತದೆ, ತಾಮ್ರದ ತೂಕ ಇರುವುದಿಲ್ಲ.

ವೈರಿನ ಗೇಜ್ ಸಂಖ್ಯೆ ಉಲ್ಟಾ. ಸಂಖ್ಯೆ ಚಿಕ್ಕದಾದಷ್ಟೂ ವೈರು ದಪ್ಪ. ಶುದ್ಧ ತಾಮ್ರದ 8 ಗೇಜ್ ವೈರು 8.4 ಸ್ಕ್ವೇರ್ ಎಂಎಂ, 4 ಗೇಜ್ 21, ಸೊನ್ನೆ ಗೇಜ್ ಅನ್ನುವುದು 53. ಬ್ಯಾಟರಿಯಿಂದ ಡಿಕ್ಕಿಗೆ ಐದು ಮೀಟರ್ ಅಂದುಕೊಳ್ಳಿ. 1000 ವ್ಯಾಟಿಗೆ ಬೇಕಾದ 90 ಆಂಪಿಯರ್ ಹರಿಸಿದರೆ 8 ಗೇಜಿನಲ್ಲಿ 0.9 ವೋಲ್ಟ್ ನಷ್ಟ, 4 ಗೇಜಿನಲ್ಲಿ 0.37, ಸೊನ್ನೆ ಗೇಜಿನಲ್ಲಿ 0.15. 8 ಗೇಜಿನ ಆ 0.9 ವೋಲ್ಟ್ ಎಲ್ಲಿಗೂ ಹೋಗುವುದಿಲ್ಲ, ಬಿಸಿಯಾಗುತ್ತದೆ. ಸುಮಾರು 80 ವ್ಯಾಟ್. ಹಳೆಯ ಬುರುಡೆ ಬಲ್ಬೊಂದನ್ನು ಕಾರ್ಪೆಟ್ ಕೆಳಗೆ ಉದ್ದಕ್ಕೂ ಹಾಸಿ ಉರಿಸಿದ ಹಾಗೆ.

ನಾನು ಆಮೇಲೆ ಹಾಕಿದ್ದು 25 ಸ್ಕ್ವೇರ್ ಎಂಎಂ ತಾಮ್ರದ ವೆಲ್ಡಿಂಗ್ ಕೇಬಲ್. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಎಳೆಗಳು ಕೂದಲಿನಷ್ಟು ಸಣ್ಣ, ಹಗ್ಗದ ಹಾಗೆ ಬಾಗುತ್ತದೆ. ನೋಡಲು ಕಿಟ್ ವೈರಿನಷ್ಟು ಸೊಗಸಿಲ್ಲ. ಕೊಳ್ಳುವಾಗ ಇದನ್ನೂ ಕೆರೆದು ನೋಡಿ, ಅಲ್ಯೂಮಿನಿಯಂನ ವೆಲ್ಡಿಂಗ್ ಕೇಬಲ್ಲೂ ಇದೆ. ಬಾನೆಟ್ ಕೆಳಗೆ ಆಯಿಲ್, ಬಿಸಿ ತಾಗದ ಹಾಗೆ ಮೇಲೊಂದು ಕೊಳವೆ ತೊಡಿಸಲೇಬೇಕು.

ಮೈನಸ್ ಕಡೆಯ ಕಥೆ ಇನ್ನೂ ಚಿಕ್ಕದು, ಇನ್ನೂ ಬೇಸರದ್ದು. ಕಾರಿನಲ್ಲಿ ಮೈನಸ್ಸಿಗೆ ಕಾರಿನ ಮೈಯೇ ವೈರು. ಬಾಡಿ ಅರ್ತ್ ಅನ್ನುತ್ತಾರೆ. ನನ್ನ ಕಾರಿನಲ್ಲಿ ಅರ್ತ್ ವೈರನ್ನು ಡಿಕ್ಕಿಯ ಒಂದು ಬೋಲ್ಟಿಗೆ ಸುಮ್ನೆ ಸುತ್ತಿ ಬಿಗಿದಿದ್ದರು, ಬಣ್ಣದ ಮೇಲೇ. ಬಣ್ಣ ಕರೆಂಟು ಹರಿಸುವುದಿಲ್ಲ. ಬೋಲ್ಟಿನ ಹಲ್ಲುಗಳ ಮೂಲಕ ನುಸುಳಿದ್ದಷ್ಟೇ ದಾರಿ. 0.7 ವೋಲ್ಟ್, 60 ಆಂಪಿಯರ್, ಅಂದರೆ 42 ವ್ಯಾಟ್ ಬಿಸಿ ಆ ಒಂದು ಬೋಲ್ಟಿನ ಸುತ್ತ. ಮುಟ್ಟಿದರೆ ಚುರ್ ಅಂದಿತು. ಉಪ್ಪುಕಾಗದದಿಂದ ಬಣ್ಣ ಉಜ್ಜಿ, ಲೋಹ ಹೊಳೆಯುವ ಹಾಗೆ ಮಾಡಿ, ಕ್ರಿಂಪ್ ಮಾಡಿದ ಲಗ್ ಇಟ್ಟು ಬಿಗಿದು, ಮೇಲೆ ಒಂದಿಷ್ಟು ಗ್ರೀಸ್ ಹಚ್ಚಿದೆ. ಅರ್ಧ ಗಂಟೆಯ ಕೆಲಸ. ಸೀಟ್ ಬೆಲ್ಟಿನ ಬೋಲ್ಟನ್ನು ಮಾತ್ರ ಈ ಕೆಲಸಕ್ಕೆ ಬಳಸಬೇಡಿ. ಅದು ಜೀವ ಹಿಡಿಯುವ ಬೋಲ್ಟು.

ಇನ್ನು ಬಾನೆಟ್ ಕೆಳಗಿನ ಆ 1.1 ವೋಲ್ಟ್. ಎಂಜಿನ್ ಬ್ಲಾಕಿನಿಂದ ಬ್ಯಾಟರಿ ಮೈನಸ್ಸಿಗೆ ಅಳೆದೆ. 0.6. ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಕೂತಿರುತ್ತದೆ, ಹಾಗಾಗಿ ಅದನ್ನು ಬಾಡಿಗೆ ಸೇರಿಸಲು ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ನನ್ನದು ಹಸಿರುಗಟ್ಟಿ ಅರ್ಧ ಎಳೆಗಳು ಕಡಿದುಹೋಗಿದ್ದವು. ಆಲ್ಟರ್ನೇಟರ್ ಎಷ್ಟೇ ಕರೆಂಟು ಹುಟ್ಟಿಸಲಿ, ಸುತ್ತು ಪೂರ್ತಿಯಾಗುವುದು ಆ ಪಟ್ಟಿಯ ಮೂಲಕ. ಆಲ್ಟರ್ನೇಟರಿನಿಂದ ಬ್ಯಾಟರಿ ಪ್ಲಸ್ಸಿಗೆ ಬರುವ ಕಂಪನಿ ವೈರಿನಲ್ಲಿ ಇನ್ನೊಂದು 0.3.

ಕಾರ್ ಆಡಿಯೋ ಹುಚ್ಚಿನವರು 'ಬಿಗ್ ತ್ರೀ' ಅನ್ನುವುದು ಈ ಮೂರು ವೈರುಗಳಿಗೆ: ಆಲ್ಟರ್ನೇಟರಿನಿಂದ ಬ್ಯಾಟರಿ ಪ್ಲಸ್ಸಿಗೆ, ಬ್ಯಾಟರಿ ಮೈನಸ್ಸಿನಿಂದ ಬಾಡಿಗೆ, ಎಂಜಿನ್ನಿನಿಂದ ಬಾಡಿಗೆ. ಹಳೆಯದನ್ನು ತೆಗೆಯುವುದು ಬೇಡ, ಪಕ್ಕದಲ್ಲೇ ದಪ್ಪನೆಯ ಇನ್ನೊಂದು ಎಳೆದರಾಯಿತು. ಆಲ್ಟರ್ನೇಟರಿನ ಪ್ಲಸ್ ವೈರಿಗೆ ಫ್ಯೂಸ್ ಇರಲಿ. ನನ್ನ ಅನುಭವದಲ್ಲಿ ಇಡೀ ಸಿಸ್ಟಂನಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಬಂದದ್ದು ಇದರಿಂದಲೇ.

ಹೊಸ ಕಾರುಗಳಲ್ಲಿ ಒಂದು ತೊಡಕಿದೆ. ಇಂಧನ ಉಳಿಸಲು ಕಂಪ್ಯೂಟರೇ ಆಲ್ಟರ್ನೇಟರನ್ನು ಏರಿಸಿ ಇಳಿಸುತ್ತದೆ. ಬ್ರೇಕ್ ಹಾಕುವಾಗ ಜಾಸ್ತಿ ಚಾರ್ಜು, ಆಕ್ಸಿಲರೇಟರ್ ಒತ್ತುವಾಗ ಕಮ್ಮಿ. ಇದಕ್ಕಾಗಿ ಬ್ಯಾಟರಿಯ ಮೈನಸ್ ಟರ್ಮಿನಲ್ ಮೇಲೆ ಒಂದು ಪುಟ್ಟ ಸೆನ್ಸರ್ ಕೂತು ಕರೆಂಟು ಎಣಿಸುತ್ತಿರುತ್ತದೆ. ನಿಮ್ಮ ಅರ್ತ್ ವೈರನ್ನು ನೇರ ಬ್ಯಾಟರಿ ಕಂಬಕ್ಕೆ ಕಟ್ಟಿದರೆ ಆ ಕರೆಂಟು ಸೆನ್ಸರಿನ ಕಣ್ಣಿಗೆ ಬೀಳುವುದಿಲ್ಲ, ಲೆಕ್ಕ ತಪ್ಪಿ ಬ್ಯಾಟರಿ ಸೊರಗುತ್ತದೆ. ಅಂಥ ಕಾರುಗಳಲ್ಲಿ ಬಾಡಿಗೇ ಕಟ್ಟಬೇಕು.

ಫ್ಯೂಸು

ಇದೊಂದರಲ್ಲಿ ತಮಾಷೆ ಇಲ್ಲ. ಫ್ಯೂಸ್ ಇರುವುದು ಆಂಪ್ಲಿಫೈಯರ್ ಉಳಿಸಲಿಕ್ಕೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಬ್ಯಾಟರಿ ಹತ್ತಿರದ ಫ್ಯೂಸ್ ಉಳಿಸುವುದು ವೈರನ್ನು, ಅಂದರೆ ಕಾರನ್ನು, ಅಂದರೆ ನಿಮ್ಮನ್ನು. ಕಾರಿನ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪಿಯರ್ ಒಂದೇ ಏಟಿಗೆ ಸುರಿಯುತ್ತದೆ. ವೈರು ಕೆಂಪಗೆ ಕಾಯುತ್ತದೆ, ಸುತ್ತ ಕಾರ್ಪೆಟ್, ಫೋಮ್, ಪ್ಲಾಸ್ಟಿಕ್.

ಹಾಗಾಗಿ ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರಿನ ಒಳಗೇ ಇರಬೇಕು. ಡಿಕ್ಕಿಯಲ್ಲಿ ಇಟ್ಟರೆ ಏನೂ ಪ್ರಯೋಜನವಿಲ್ಲ, ವೈರು ಉಜ್ಜಿ ಶಾರ್ಟ್ ಆಗುವುದು ದಾರಿಯಲ್ಲಿ. ಅದರಲ್ಲೂ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ ದಾಟುವ ಕಡೆ. ಅಲ್ಲಿ ತೂತಿಗೆ ರಬ್ಬರ್ ಗ್ರಾಮೆಟ್ ಇಲ್ಲದಿದ್ದರೆ, ಕಾರು ನಡುಗಿದಂತೆಲ್ಲ ತಗಡಿನ ಅಂಚು ಗರಗಸದ ಹಾಗೆ ವೈರನ್ನು ತಿನ್ನುತ್ತದೆ. ನನ್ನ ಕಾರಿನಲ್ಲಿ ಗ್ರಾಮೆಟ್ ಇರಲಿಲ್ಲ. ಕೆಂಪು ರಬ್ಬರಿನ ಮೇಲೆ ಅರ್ಧಚಂದ್ರದಂಥ ಗಾಯ ಕಂಡಾಗ ಎದೆ ಧಸಕ್ಕೆಂದಿತು. ಫ್ಯೂಸಿನ ಅಂಕಿ ವೈರು ತಾಳುವುದಕ್ಕಿಂತ ಹೆಚ್ಚಿರಬಾರದು. 60 ಆಂಪಿಯರ್ ಎಳೆಯುವ ಆಂಪ್ಲಿಫೈಯರಿಗೆ, 25 ಸ್ಕ್ವೇರ್ ಎಂಎಂ ತಾಮ್ರಕ್ಕೆ, ನಾನು ಹಾಕಿದ್ದು 80ರದ್ದು. ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ದೊಡ್ಡದು ಹಾಕುವವರು, ಅದಕ್ಕೂ ಮೇಲಾಗಿ ಬೆಳ್ಳಿ ಕಾಗದ ಸುತ್ತುವ ಮಹಾನುಭಾವರು, ಇದ್ದಾರೆ.

ಕೆಪಾಸಿಟರ್ ಯಾಕೆ ಕೆಲಸ ಮಾಡಲಿಲ್ಲ

ನನ್ನ ಹೊಳೆಯುವ ಡಬ್ಬಿ 1 ಫ್ಯಾರಡ್‌ನದು. ಫ್ಯಾರಡ್ ಅಂದರೆ ಕೆಪಾಸಿಟರ್ ಎಷ್ಟು ಹಿಡಿಯುತ್ತದೆ ಅನ್ನುವುದರ ಅಳತೆ. ಅಷ್ಟು ದೊಡ್ಡ ಕೆಪಾಸಿಟರ್ ಸಾಮಾನ್ಯ ಎಲೆಕ್ಟ್ರಾನಿಕ್ಸಿನಲ್ಲಿ ಅಪರೂಪ, ಕೇಳಿದರೆ ಭಾರಿ ಅನಿಸುತ್ತದೆ. ಲೆಕ್ಕ ಹಾಕೋಣ. 14.4 ವೋಲ್ಟಿನಲ್ಲಿ ಅದರೊಳಗೆ ಸುಮಾರು 104 ಜೂಲ್ ಶಕ್ತಿ. ಅಷ್ಟೂ ನಮಗೆ ಸಿಗುವುದಿಲ್ಲ, ವೋಲ್ಟೇಜ್ 12ಕ್ಕೆ ಇಳಿಯುವ ತನಕ ತೆಗೆದರೆ 32 ಜೂಲ್. 1000 ವ್ಯಾಟಿನ ಆಂಪ್ಲಿಫೈಯರ್ ಸೆಕೆಂಡಿಗೆ 1250 ಜೂಲ್ ಎಳೆಯುತ್ತದೆ. 32 ಜೂಲ್ ಎಷ್ಟು ಹೊತ್ತು ಬಂದೀತು? ಸೆಕೆಂಡಿನ ನಲವತ್ತನೇ ಒಂದು ಭಾಗ.

40 ಹರ್ಟ್ಸ್ ಬೇಸಿನಲ್ಲಿ ಕೋನ್ ಒಂದು ಸಲ ಹೊರಗೆ ಬಂದು ಒಳಗೆ ಹೋಗಲು ಹಿಡಿಯುವುದು ಸರಿಯಾಗಿ ಅಷ್ಟೇ ಹೊತ್ತು. ಅಂದರೆ ಆ ಡಬ್ಬಿ ಒಂದೇ ಒಂದು 'ಧಂ' ಕೂಡ ಪೂರ್ತಿ ಮಾಡಿಸುವುದಿಲ್ಲ. 'ಧ' ಅನ್ನುವಷ್ಟರಲ್ಲಿ ಚೊಂಬು ಖಾಲಿ. ಆಮೇಲೆ ಅದನ್ನು ತುಂಬಿಸುವ ಕೆಲಸವೂ ಅದೇ ಆಲ್ಟರ್ನೇಟರಿನ ತಲೆಗೆ.

ಸೂಪರ್‌ಕೆಪಾಸಿಟರ್ ಸಾಲುಗಳ ಮಾತು ಬೇರೆ. 2.7 ವೋಲ್ಟಿನ, 500 ಫ್ಯಾರಡ್‌ನ ಆರು ಕೋಶಗಳನ್ನು ಸಾಲಾಗಿ ಜೋಡಿಸಿದರೆ 83 ಫ್ಯಾರಡ್ ಆಗುತ್ತದೆ. ಎರಡು ಸೆಕೆಂಡ್ ತಡೆಯುತ್ತದೆ. ಏಟಿನ ಬೇಸಿಗೆ ಅದು ನಿಜಕ್ಕೂ ಆಸರೆ.

ಎರಡನೇ ಬ್ಯಾಟರಿ ಬೇಕೇ ಅಂದರೆ, ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡಿ ಹಾಡು ಕೇಳುವವರಿಗೆ ಬೇಕು. ಸಣ್ಣ ಕಾರಿನ 35 ಆಂಪಿಯರ್‌ಅವರ್ ಬ್ಯಾಟರಿಯಿಂದ ಅರ್ಧ ಗಂಟೆ ಜೋರಾಗಿ ಬಾರಿಸಿದರೆ ಆಮೇಲೆ ಸೆಲ್ಫ್ ಹೊಡೆಯುವಾಗ 'ಟಕ್ ಟಕ್' ಅನ್ನುವ ಸಾಧ್ಯತೆ ಜಾಸ್ತಿ. ಡಿಕ್ಕಿಯಲ್ಲಿ ಇಡುವುದಾದರೆ ಎಜಿಎಂ ಅನ್ನುವ, ಆಸಿಡ್ ಚೆಲ್ಲದ ಹಾಗೆ ಮುಚ್ಚಿದ ಬ್ಯಾಟರಿಯೇ ಆಗಬೇಕು. ಮಾಮೂಲಿ ಆಸಿಡ್ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ, ಮುಚ್ಚಿದ ಕಾರಿನೊಳಗೆ ಅದು ಬೇಡ. ಎರಡು ಬ್ಯಾಟರಿ ನಡುವಿನ ವೈರಿಗೆ ಎರಡೂ ತುದಿಯಲ್ಲಿ ಫ್ಯೂಸ್ ಬೇಕು, ಯಾಕೆಂದರೆ ಈಗ ಎರಡೂ ಕಡೆಯಿಂದ ಕರೆಂಟು ನುಗ್ಗಬಹುದು.

ದೊಡ್ಡ ಆಲ್ಟರ್ನೇಟರ್ ಹಾಕಿಸುವುದು ಬೋರ್‌ವೆಲ್ ಆಳ ಮಾಡಿದ ಹಾಗೆ, ಸರಿಯಾದ ದಾರಿ. ಆದರೆ ಕರೆಂಟು ಪೆಟ್ರೋಲಿನಿಂದಲೇ ಬರಬೇಕು. 200 ಆಂಪಿಯರ್ ಅಂದರೆ 2800 ವ್ಯಾಟ್. ಆಲ್ಟರ್ನೇಟರಿನ ದಕ್ಷತೆ ಶೇಕಡ 55 ಅಂದುಕೊಂಡರೆ ಎಂಜಿನ್ನಿನಿಂದ ಸುಮಾರು 7 ಅಶ್ವಶಕ್ತಿ. ಎಂಬತ್ತು ಚಿಲ್ಲರೆ ಅಶ್ವಶಕ್ತಿಯ ಸಣ್ಣ ಕಾರಿನಲ್ಲಿ ಅದು ನಂದಿ ಬೆಟ್ಟ ಹತ್ತುವಾಗ ಗೊತ್ತಾಗುತ್ತದೆ. ಬೆಲ್ಟು ಜಾರಿ ಕೀಚಲು ದನಿ ಹೊರಡಿಸಿದರೆ ಅದೂ ಇದರ ಕಾಟವೇ.

ಕಬ್ಬಿನ ಟ್ರ್ಯಾಕ್ಟರಿನ ಗುಟ್ಟು

ಕಬ್ಬಿನ ಸೀಸನ್ನಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಹೋದವರಿಗೆ ಗೊತ್ತು. ಎರಡು ಟ್ರೈಲರ್ ಕಬ್ಬು ಹೇರಿಕೊಂಡು ಬರುವ ಟ್ರ್ಯಾಕ್ಟರ್ ಕಾಣುವುದಕ್ಕಿಂತ ಮೊದಲು ಅದರ ಹಾಡು ಕೇಳುತ್ತದೆ. ಟ್ರ್ಯಾಕ್ಟರಿನ ಆಲ್ಟರ್ನೇಟರ್ ಸಾಮಾನ್ಯವಾಗಿ ಕಾರಿನದಕ್ಕಿಂತ ಚಿಕ್ಕದು. ಮತ್ತೆ ಅಷ್ಟು ಸೌಂಡ್ ಹೇಗೆ?

ಸ್ಪೀಕರಿನ ಜಾತಿಯಿಂದ. ಮೆರವಣಿಗೆಗೆ ಬಳಸುವ ದೊಡ್ಡ ಹಗುರ ಕಾಗದದ ಕೋನಿನ ಸ್ಪೀಕರುಗಳಿಗೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 95 ಡೆಸಿಬಲ್ಲಿನ ಮೇಲೆ ಬರುತ್ತದೆ. ಕಾರಿನ ಭಾರದ ಸಬ್‌ವೂಫರಿಗೆ ಅದೇ ಒಂದು ವ್ಯಾಟಿಗೆ 85ರ ಆಸುಪಾಸು. ಹತ್ತು ಡೆಸಿಬಲ್ ವ್ಯತ್ಯಾಸ ಅಂದರೆ ಹತ್ತು ಪಟ್ಟು ವ್ಯಾಟ್. ಟ್ರ್ಯಾಕ್ಟರಿನವನ 50 ವ್ಯಾಟ್ ನಿಮ್ಮ 500ಕ್ಕೆ ಸಮ. ಆಳವಾದ ಬೇಸ್ ಅವನಿಗೆ ಸಿಗುವುದಿಲ್ಲ ನಿಜ, ಹೊಲದ ನಡುವೆ ಅದು ಬೇಕಾಗಿಯೂ ಇಲ್ಲ.

ವ್ಯಾಟ್ ಎರಡು ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬಲ್. ಕಿವಿಗೆ 'ಸ್ವಲ್ಪ ಜಾಸ್ತಿ ಆಯಿತು' ಅನಿಸುವಷ್ಟು. ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 600ರಿಂದ 1200ಕ್ಕೆ ಹೋಗಲು ಆಂಪ್ಲಿಫೈಯರ್, ವೈರು, ಬ್ಯಾಟರಿ ಎಲ್ಲ ಬದಲಾಯಿಸಿ ಗಳಿಸುವ ಆ 3 ಡೆಸಿಬಲ್ಲನ್ನು, ಸಬ್‌ವೂಫರಿನ ಮುಚ್ಚಿದ ಪೆಟ್ಟಿಗೆ ತೆಗೆದು ಲೆಕ್ಕ ಹಾಕಿ ಕಟ್ಟಿದ ಪೋರ್ಟೆಡ್ (ಗಾಳಿ ಆಡಲು ಕಿಂಡಿ ಬಿಟ್ಟ) ಪೆಟ್ಟಿಗೆ ಇಟ್ಟು ಬರಿ ಪ್ಲೈವುಡ್ ಖರ್ಚಿನಲ್ಲಿ ಪಡೆಯಬಹುದು. ಒಂದು ಆಂಪಿಯರ್ ಕೂಡ ಜಾಸ್ತಿ ಬೇಡ. ದೊಡ್ಡ ಸೌಂಡಿನ ಆಸೆಯವರಿಗೆ ನಾನು ಮೊದಲು ಹೇಳುವುದು ಬಡಗಿಯ ವಿಳಾಸ.

ಎಲೆಕ್ಟ್ರಿಕ್ ಕಾರಿನವರು ಕೇಳುತ್ತಾರೆ, ನಮಗೆ ದೊಡ್ಡ ಬ್ಯಾಟರಿ ಇದೆಯಲ್ಲ ಅಂತ. ಇದೆ, ಆದರೆ ಆಂಪ್ಲಿಫೈಯರಿಗೆ ಸಿಗುವುದು ಬೇರೆಯದೇ 12 ವೋಲ್ಟಿನ ಪುಟ್ಟ ಬ್ಯಾಟರಿ. ಅದನ್ನು ತುಂಬಿಸುವುದು ಡಿಸಿ-ಡಿಸಿ ಕನ್ವರ್ಟರ್. ಕಾರು ಸಿಗ್ನಲ್ಲಿನಲ್ಲಿ ನಿಂತರೂ ಅದು ಪೂರ್ತಿ ಕೊಡುತ್ತದೆ, ಐಡ್ಲಿಂಗ್ ಅನ್ನುವ ಕಾಟ ಇಲ್ಲ. ಅದರ ಮಿತಿ ದಾಟಿದರೆ ಕಾರಿನ ಕಂಪ್ಯೂಟರ್ ತಕರಾರು ತೆಗೆಯುತ್ತದೆ. ಬಾನೆಟ್ ಕೆಳಗಿನ ಕಿತ್ತಳೆ ಬಣ್ಣದ ಕೇಬಲ್ ಕಡೆಗೆ ಕೈ ಹಾಕುವ ಮಾತೇ ಇಲ್ಲ, ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ. ಟೆಸ್ಲಾದ ಸೈಬರ್‌ಟ್ರಕ್ 2023ರಲ್ಲಿ 12 ವೋಲ್ಟ್ ಬಿಟ್ಟು 48ಕ್ಕೆ ಹೋಯಿತು. ವೋಲ್ಟೇಜ್ ನಾಲ್ಕು ಪಟ್ಟಾದರೆ ಅದೇ ವ್ಯಾಟಿಗೆ ಆಂಪಿಯರ್ ಕಾಲುಭಾಗ, ವೈರು ತೆಳು. ಈ ಬರಹದ ಅರ್ಧ ಗೋಳು ಅಲ್ಲಿ ಇರುವುದಿಲ್ಲ.

ನನ್ನ ಕಾರಿಗೆ ಬರುತ್ತೇನೆ. ಮೂರು ದಪ್ಪ ವೈರು, ಹೊಸ ಎಂಜಿನ್ ಪಟ್ಟಿ, ತಾಮ್ರದ ಕೇಬಲ್, ಉಜ್ಜಿದ ಅರ್ತ್, ಗ್ರಾಮೆಟ್, ಫ್ಯೂಸ್. ಮತ್ತದೇ ಟೋನ್, ಅದೇ 60 ಆಂಪಿಯರ್, ತಮ್ಮನ ಅದೇ ಕಾಲು ಆಕ್ಸಿಲರೇಟರ್ ಮೇಲೆ. ಬ್ಯಾಟರಿ ಹತ್ತಿರ 13.8. ಆಂಪ್ಲಿಫೈಯರ್ ಹತ್ತಿರ 13.5. ಹೆಡ್‌ಲೈಟು ಹಾಕಿ ಕಾಂಪೌಂಡ್ ಗೋಡೆ ನೋಡಿದೆವು, ಕದಲಲಿಲ್ಲ. ಕೆಪಾಸಿಟರನ್ನು ತೆಗೆಯಲಿಲ್ಲ. ಅದರ ಮೇಲಿನ ನೀಲಿ ಅಂಕಿಗಳು ಚೆನ್ನಾಗಿ ಕಾಣುತ್ತವೆ, ಡಿಕ್ಕಿ ತೆಗೆದಾಗಲೆಲ್ಲ ವೋಲ್ಟೇಜ್ ಎಷ್ಟಿದೆ ಅಂತ ನೋಡಿಕೊಳ್ಳಬಹುದು.